ಅಭಿಪ್ರಾಯ ಓದುವ ಕೆಲಸ

ಬೆಳಗ್ಗೆ ಒಂಬತ್ತೂವರೆಗೆ ಕರಡಕ್ಕ ಕಂಪ್ಯೂಟರಿನ ಮುಂದೆ ಕೂತು ಕನ್ನಡಕ ಒರೆಸಿಕೊಳ್ಳುವ ಹೊತ್ತಿಗಾಗಲೇ ನೂರೈವತ್ತು, ಇನ್ನೂರು ಅಭಿಪ್ರಾಯಗಳು ಬಂದು ಬಿದ್ದಿರುತ್ತಿದ್ದವು. ಒಂದನ್ನೂ ಬಿಡದೆ ಅವನ್ನು ಓದುವುದೇ ಅವಳ ಕೆಲಸ.

ಇಪ್ಪತ್ತೊಂದು ವರ್ಷ ಒಂದು ದಿನಪತ್ರಿಕೆಯಲ್ಲಿ ಕರಡು ತಿದ್ದಿದವಳು. ಪತ್ರಿಕೆ ಬಾಗಿಲು ಹಾಕಿಕೊಂಡ ಮೇಲೆ ಈ ಆಟದ ಕಂಪನಿಗೆ ಸೇರಿದಳು. ಬಂದ ವಾರವೇ ಆಟದೊಳಗಿನ ಸೂಚನೆಗಳಲ್ಲಿ ಎಪ್ಪತ್ತು ಕಾಗುಣಿತದ ತಪ್ಪು ಹುಡುಕಿ ಕೆಂಪು ಗುರುತು ಹಾಕಿಕೊಟ್ಟಳು. ಅಂದಿನಿಂದ ಕಚೇರಿಯವರಿಗೆ ಅವಳು ಕರಡಕ್ಕ. ಕರಡಿಗೂ ತನಗೂ ಹೆಚ್ಚು ದೂರವಿಲ್ಲವೆಂದು ಅವಳಿಗೆ ಗೊತ್ತಿತ್ತು. ಬೆಳಗಿನ ಹೊತ್ತು ಅವಳ ಮುಖ ನೋಡಿದವರಿಗೂ ಗೊತ್ತಿತ್ತು.

ಕಚೇರಿ ಎಂದರೆ ಕನ್ನಡಕದಂಗಡಿಯ ಮೇಲಿನ ಮೂರು ಕೋಣೆ, ಆರು ಮಂದಿ, ಒಂದು ಫ್ಯಾನು ಸದ್ದು ಮಾಡುವುದು, ಇನ್ನೊಂದು ಸದ್ದೂ ಮಾಡದೆ ಗಾಳಿಯೂ ಕೊಡದೆ ತಿರುಗುವುದು. ಅಲ್ಲಿ ತಯಾರಾದ ಆಟದ ಹೆಸರು 'ಎರಡು ದಡ'. ಇಬ್ಬರೇ ಆಡುವುದು. ನಡುವೆ ಹೊಳೆ, ಆಚೆ ಹನ್ನೆರಡು ಕಾಯಿ, ಈಚೆ ಹನ್ನೆರಡು. ನಿನ್ನದೊಂದು ನಡೆ, ಅವನದೊಂದು ನಡೆ. ದೋಣಿ ದಾಟಿಸಿ ಎದುರು ದಡದಲ್ಲಿ ಮೂರು ಕಾಯಿಗಳನ್ನು ನೆಲೆ ನಿಲ್ಲಿಸಿದವರು ಗೆದ್ದಂತೆ. ಒಂದು ನಡೆಗೆ ಮೂರು ದಿನದ ಗಡುವು. ಅವಸರವಿಲ್ಲದವರ ಆಟ ಅದು.

ಆದರೆ ಅಭಿಪ್ರಾಯ ಬರೆಯುವವರಿಗೆಲ್ಲ ಅವಸರವೇ. "ಮೊದಲು ಆಡುವವರೇ ಗೆಲ್ತಾರೆ. ಇದು ಆಟವೋ, ಬಸ್ಸಿನ ಸೀಟೋ?" ಎಂದು ಒಬ್ಬರು ಬರೆದರೆ, ಅದೇ ನಿಮಿಷಕ್ಕೆ ಇನ್ನೊಬ್ಬರು, "ಎರಡನೆಯವರಿಗೇ ಎಲ್ಲ ಅನುಕೂಲ, ತಕ್ಷಣ ಸರಿಪಡಿಸಿ" ಎಂದು ಬರೆದಿರುತ್ತಿದ್ದರು. "ದೋಣಿಗೆ ಇಷ್ಟು ಬಲ ಕೊಟ್ಟವನ ತಲೆಯಲ್ಲಿ ನೀರು ನಿಂತಿದೆ." "ಮೂರು ದಿನ ಕಾಯೋದಾ? ಹೆಣ್ಣು ನೋಡಿ ಒಪ್ಪೋಕೂ ನಾನು ಇಷ್ಟು ತಗೊಂಡಿಲ್ಲ." "ಮೂರು ದಿನ ಸಾಲದು. ನಾನು ಹಡಗಿನಲ್ಲಿ ಅಡುಗೆಯವನು, ನೆಟ್‌ವರ್ಕ್ ಸಿಗೋದೇ ವಾರಕ್ಕೊಮ್ಮೆ."

ಇವನ್ನೆಲ್ಲ ಕರಡಕ್ಕ ದೋಷ, ಸಲಹೆ, ಹೊಗಳಿಕೆ, ಬೈಗುಳ ಎಂದು ನಾಲ್ಕು ಗುಂಪು ಮಾಡಿ ಹಂಚುತ್ತಿದ್ದಳು. ಹೊಗಳಿಕೆಯ ಗುಂಪು ವಾರದ ಕೊನೆಗೂ ಬೆರಳಲ್ಲಿ ಎಣಿಸುವಷ್ಟೇ ಇರುತ್ತಿತ್ತು. ಮೂರು ತಿಂಗಳಾಗುವಷ್ಟರಲ್ಲಿ ಅವಳಿಗೆ ಇದರ ಮರ್ಮ ಹೊಳೆಯಿತು. ಇಬ್ಬರ ಆಟದಲ್ಲಿ ಪ್ರತಿ ಸಲವೂ ಒಬ್ಬರು ಸೋಲಲೇಬೇಕು. ದಿನಕ್ಕೆ ಸಾವಿರ ಆಟ ಮುಗಿದರೆ ಸಾವಿರ ಜನ ಮುಖ ಊದಿಸಿಕೊಂಡು ಎದ್ದಿರುತ್ತಾರೆ. ಗೆದ್ದವರು ಹೋಗಿ ಮಲಗುತ್ತಾರೆ, ಸೋತವರು ಬರೆಯಲು ಕೂರುತ್ತಾರೆ. ಇದಕ್ಕೆ ಮದ್ದಿಲ್ಲ.

ಆಟ ಕಟ್ಟಿದವನಿಗೆ ಇದನ್ನು ಹೇಳಿದರೆ ಅರ್ಥವಾಗುತ್ತಿರಲಿಲ್ಲ. ಮೂವತ್ಮೂರರ ಹುಡುಗ, ಮೊದಲು ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತಿದ್ದ. ಒಂದೇ ಒಂದು ನಕ್ಷತ್ರ ಕೊಟ್ಟು ಯಾರೋ ಬೈದಾಗ ಎರಡು ದಿನ ಊಟ ಬಿಟ್ಟಿದ್ದನಂತೆ. ಅವನ ಹೊಟ್ಟೆಗೆ ಏನೂ ಆಗದಿರಲಿ ಎಂದೇ ಕರಡಕ್ಕನನ್ನು ಕೆಲಸಕ್ಕೆ ಇಟ್ಟುಕೊಂಡಿದ್ದು. ಶುಕ್ರವಾರ ಒಂದು ಪುಟದ ವರದಿ ಕೊಟ್ಟರೆ ಅವನು ಅದನ್ನಷ್ಟೇ ಓದುತ್ತಿದ್ದ.

"ಅಕ್ಕಾ, ಈ ವಾರ ಹೇಗೆ?"

"ಬೈಗುಳ ಕಮ್ಮಿ, ಸಲಹೆ ಜಾಸ್ತಿ."

"ಒಳ್ಳೇದೇ ಆಯ್ತಲ್ವಾ?"

"ಬೈಯೋರು ಒಂದ್ಸಲ ಬೈದು ಸುಮ್ನಾಗ್ತಾರೆ. ಸಲಹೆ ಕೊಡೋರು ಮತ್ತೆ ಬರ್ತಾರೆ."

ಸಂಜೆ ಮನೆಗೆ ಹೋದರೆ ಅವಳಿಗೆ ಯಾರ ಅಭಿಪ್ರಾಯವೂ ಬೇಡವಾಗಿರುತ್ತಿತ್ತು. ಅಮ್ಮನ ಜೊತೆ ಇದ್ದ ಎರಡು ಕೋಣೆಯ ಮನೆಯಲ್ಲೇ ಈಗ ಒಬ್ಬಳೇ ಇದ್ದಳು. ಎದುರು ಮನೆಯಾಕೆ ಬಾಗಿಲಲ್ಲಿ ನಿಂತು, "ಈ ಪರದೆ ಬಣ್ಣ ಹೇಗಿದೆ ನೋಡಿ" ಎಂದರೂ ಜೀವ ಹಿಂಡಿದಂತಾಗುತ್ತಿತ್ತು. ಮಲಗಿದರೆ ನಿದ್ದೆ ಹತ್ತಿರ ಸುಳಿಯುತ್ತಿರಲಿಲ್ಲ. ಎದ್ದರೆ ಮೈಯಲ್ಲಿ ಕಸುವಿರುತ್ತಿರಲಿಲ್ಲ. ಇದು ಇಂದು ನಿನ್ನೆಯ ದಣಿವಲ್ಲ. ಮೂರು ವರ್ಷದಿಂದ ಹೀಗೇ.

ಆ ವರ್ಷ ಹೊಸದೊಂದು ಬೇಡಿಕೆ ಎದ್ದಿತ್ತು. ಕೆಲವರು ಸೋತ ಮೇಲೂ ಸೋತೆ ಎನ್ನುವುದಿಲ್ಲ. ಉಳಿದ ಒಂದೆರಡು ಕಾಯಿಗಳನ್ನು ಅತ್ತ ಇತ್ತ ಸರಿಸುತ್ತ, ಪ್ರತಿ ನಡೆಗೂ ಮೂರು ದಿನ ತೆಗೆದುಕೊಳ್ಳುತ್ತ ತಿಂಗಳುಗಟ್ಟಲೆ ಎಳೆಯುತ್ತಾರೆ. ಅಂಥ ಆಟಕ್ಕೆ ಕತ್ತರಿ ಹಾಕಿ ಎಂಬುದು ಬೇಡಿಕೆ. ಆರು ಕಾಯಿಗಳ ಅಂತರ ಬಿದ್ದ ಕೂಡಲೇ ಆಟ ತಾನಾಗಿ ಮುಗಿಯಲಿ. ಹೀಗೆ ಬರೆದವರು ನೂರಾದರು, ಇನ್ನೂರಾದರು. ಕಚೇರಿಯಲ್ಲಿ ಅದಕ್ಕೆ 'ಕತ್ತರಿ' ಎಂದೇ ಹೆಸರು ಬಿತ್ತು.

ಒಂದು ಮಂಗಳವಾರ ಆ ಕತ್ತರಿಯ ಗುಂಪಿನಲ್ಲಿ ಒಂದು ಚಿಕ್ಕ ಅಭಿಪ್ರಾಯ ಬಂತು.

"ಸೋತ ಆಟವನ್ನು ಬಿಡದೆ ಹಿಡಿದು ಕೂರುವ ಗೋಂದಮ್ಮಂದಿರಿಗೆ ಏನಾದರೂ ಮಾಡಿ. ಗೆಲ್ಲುವವರಿಗೂ ಸುಸ್ತಾಗುತ್ತದೆ."

ಕರಡಕ್ಕನ ಕೈ ಹಾಗೇ ನಿಂತಿತು. ಗೋಂದಮ್ಮ ಎಂಬ ಮಾತು ಯಾವ ನಿಘಂಟಿನಲ್ಲೂ ಇಲ್ಲ. ಅದು ಅವಳ ಅಮ್ಮ ಕಟ್ಟಿದ ಮಾತು. ಚಿಕ್ಕವಳಿದ್ದಾಗ ಹಿಡಿದ ಹಟ ಬಿಡದೆ, ಹಿಡಿದ ಸೆರಗೂ ಬಿಡದೆ ಓಡಾಡುತ್ತಿದ್ದ ಮಗಳಿಗೆ ಅಮ್ಮ ಇಟ್ಟ ಹೆಸರು. ಅದನ್ನು ಬಲ್ಲವರು ಈ ಭೂಮಿಯ ಮೇಲೆ ಈಗ ಇಬ್ಬರೇ. ಬರೆದವರ ಹೆಸರು ನೋಡಿದಳು. 'ಮೇಣದಹಲ್ಲು' ಎಂದಿತ್ತು.

ಅವಳ ಅಣ್ಣ ಕಟ್ಟುಹಲ್ಲು ಮಾಡುವವನು. ದಂತವೈದ್ಯರು ಕಳಿಸಿದ ಅಚ್ಚಿಗೆ ಪ್ಲಾಸ್ಟರ್ ಹೊಯ್ದು, ಮೇಣದಲ್ಲಿ ವಸಡು ಕಟ್ಟಿ, ಒಂದೊಂದೇ ಹಲ್ಲು ಕೂರಿಸುವ ಕೆಲಸ. ಪ್ಲಾಸ್ಟರ್ ಗಟ್ಟಿಯಾಗುವವರೆಗೆ ಸುಮ್ಮನೆ ಕೂರಬೇಕು; ಆ ಹೊತ್ತಿನಲ್ಲಿ ಆಡುತ್ತಾನೆ ಎಂದು ಯಾರೂ ಹೇಳದೆಯೇ ಅವಳಿಗೆ ತಿಳಿಯಿತು.

ಅಣ್ಣ ತಂಗಿ ಮಾತು ಬಿಟ್ಟು ಮೂರು ವರ್ಷವಾಗಿತ್ತು. ಲಕ್ವ ಹೊಡೆದು ಅಮ್ಮ ನಾಲ್ಕು ತಿಂಗಳು ಆಸ್ಪತ್ರೆಯಲ್ಲಿದ್ದಳು. ಮೂಗಿಗೆ ನಳಿಗೆ, ಗಂಟಲಿಗೆ ನಳಿಗೆ. ಕಣ್ಣು ತೆರೆದರೂ ಯಾರನ್ನೂ ನೋಡುತ್ತಿರಲಿಲ್ಲ. ಮುಂದುವರಿಸುವುದೂ ಬಿಡುವುದೂ ಮನೆಯವರಿಗೆ ಸೇರಿದ್ದು ಎಂದು ಡಾಕ್ಟರು ಮೆಲ್ಲಗೆ ಹೇಳಿದ್ದರು. ಲಿಫ್ಟಿನ ಪಕ್ಕದಲ್ಲಿ ನಿಂತು ಅಣ್ಣ, "ಸಾಕು ಕಣೇ, ಅಮ್ಮನ್ನ ಮನೆಗೆ ಕರ್ಕೊಂಡು ಹೋಗೋಣ. ಅವಳಿಗೆ ದಣಿವಾಗಿದೆ" ಎಂದಿದ್ದ. ಅವಳು ಒಂದು ಕ್ಷಣವೂ ಯೋಚಿಸಲಿಲ್ಲ. "ದಣಿದಿರೋದು ನೀನು, ಅಮ್ಮ ಅಲ್ಲ. ನಿನ್ನ ದಣಿವಿಗೆ ಅವಳನ್ನ ಸಾಯಿಸ್ಬೇಡ" ಎಂದುಬಿಟ್ಟಳು. ಓಡಾಡುವ ನರ್ಸುಗಳೂ ಕೇಳಿಸಿಕೊಂಡರು. ಅದಾಗಿ ಹತ್ತೊಂಬತ್ತನೇ ದಿನ ಅಮ್ಮ ಅದೇ ಹಾಸಿಗೆಯಲ್ಲಿ, ಅದೇ ಯಂತ್ರಗಳ ನಡುವೆ ಹೋದಳು. ಎಲ್ಲ ಮುಗಿದ ಮೇಲೆ ಅಣ್ಣ ಅವಳ ಕಡೆ ತಿರುಗಿ ನೋಡದೆ ಸ್ಕೂಟರ್ ಹತ್ತಿದ. ಅವಳೂ ಕರೆಯಲಿಲ್ಲ.

ಆ ದಿನ ಮಧ್ಯಾಹ್ನ ಕರಡಕ್ಕ ಎಂದೂ ಮಾಡದ್ದನ್ನು ಮಾಡಿದಳು. ಪರೀಕ್ಷೆಗೆಂದು ಕಚೇರಿಯಲ್ಲಿ ಹೆಸರಿಲ್ಲದ ಖಾತೆಗಳಿದ್ದವು. ಅವುಗಳಲ್ಲೊಂದನ್ನು, ಅತಿಥಿ ನಾಲ್ಕು ನಾಲ್ಕು ಒಂದು ಏಳು ಎಂಬುದನ್ನು ತೆರೆದು ಮೇಣದಹಲ್ಲಿಗೆ ಆಟಕ್ಕೆ ಕರೆ ಕಳಿಸಿದಳು. ಏನಾಗಲಿ ಎಂದು ಕಳಿಸಿದಳೋ ಅವಳಿಗೇ ಗೊತ್ತಿರಲಿಲ್ಲ. ಇಪ್ಪತ್ತು ನಿಮಿಷದಲ್ಲಿ ಅವನು ಒಪ್ಪಿದ.

ಅವಳೇನು ದೊಡ್ಡ ಆಟಗಾರ್ತಿಯಲ್ಲ. ಆದರೆ ಸಾವಿರಾರು ಅಭಿಪ್ರಾಯ ಓದಿ ಒಂದು ಗುಟ್ಟು ತಿಳಿದುಕೊಂಡಿದ್ದಳು: ಯಾವ ನಡೆಗೆ ಜನ ಹೆಚ್ಚು ಬೈಯುತ್ತಾರೋ ಅದೇ ಒಳ್ಳೆಯ ನಡೆ. ಮೊದಲ ವಾರ ಬೈಸಿಕೊಳ್ಳುವ ನಡೆಗಳನ್ನೇ ಆರಿಸಿ ಆಡಿ ಅಣ್ಣನ ಎರಡು ದೋಣಿ ಮುಳುಗಿಸಿದಳು. ಆಮೇಲೆ ಅವನು ಸುಧಾರಿಸಿಕೊಂಡ. ಹಲ್ಲು ಕೂರಿಸುವವನ ತಾಳ್ಮೆ ಅವನದು. ಒಂದನ್ನು ಕೂರಿಸಿ, ನೋಡಿ, ಸವರಿ, ಆಮೇಲೆ ಇನ್ನೊಂದು. ಮೂರನೆಯ ವಾರಕ್ಕೆ ಅವಳ ಕಡೆ ನಾಲ್ಕು ಕಾಯಿ ಉಳಿದವು, ಅವನ ಕಡೆ ಹತ್ತು.

ಈ ಆಟದಲ್ಲಿ ಮಾತಿಗೆ ಅವಕಾಶವಿರಲಿಲ್ಲ. ಆಟ ಕಟ್ಟಿದವನೇ ಬರೆದಿಟ್ಟ ಐದು ವಾಕ್ಯಗಳಿದ್ದವು. ಬೇಕಾದರೆ ಅವುಗಳಲ್ಲೊಂದನ್ನು ಒತ್ತಿ ಕಳಿಸಬಹುದಿತ್ತು. ಅಣ್ಣ ಒತ್ತಿದ: "ಆಟ ಮುಗಿಸೋಣವೇ?"

ಅವಳು ಒಂದು ಕಾಯಿ ಸರಿಸಿದಳು. ನಾಲ್ಕು ದಿನ ಬಿಟ್ಟು ಮತ್ತೆ ಅದೇ ವಾಕ್ಯ ಬಂತು. ಆಮೇಲೆ ಮತ್ತೊಮ್ಮೆ. ಗೆಲ್ಲುವ ಆಸೆ ಅವಳಿಗೆ ಇರಲಿಲ್ಲ. ಬಿಟ್ಟರೆ ನಾಳೆಯಿಂದ ಅವನ ನಡೆ ಬರುವುದಿಲ್ಲವಲ್ಲ, ಅಷ್ಟೇ. ನಡೆ ಬಂದ ಹೊತ್ತು ನೋಡಿಯೇ ಅವನ ದಿನ ಹೇಗಿದೆ ಎಂದು ಅವಳಿಗೆ ತಿಳಿಯುತ್ತಿತ್ತು. ಹನ್ನೊಂದಕ್ಕೆ ಬಂದರೆ ಕೆಲಸ ಹಗುರ. ಸಂಜೆ ಐದಕ್ಕೆ ಬಂದರೆ ಬೆನ್ನು ನೆಟ್ಟಗೆ ಮಾಡಲೂ ಪುರಸೊತ್ತಿರಲಿಲ್ಲ. ಒಮ್ಮೆ ಎರಡು ದಿನ ಬರಲೇ ಇಲ್ಲ. ಬಿಪಿ ಏರಿತೋ, ಅತ್ತಿಗೆಗೆ ಹುಷಾರಿಲ್ಲವೋ ಎಂದು ಅವಳು ಮೂರನೆಯ ದಿನ ಬೈಗುಳಗಳನ್ನೆಲ್ಲ ಹೊಗಳಿಕೆಯ ಗುಂಪಿಗೆ ಹಾಕಿ ಕೂತಳು. ಗಡುವಿಗೆ ಎರಡು ಗಂಟೆ ಇದ್ದಾಗ ನಡೆ ಬಂತು.

ಈ ನಡುವೆ ಕತ್ತರಿ ಕೇಳುವವರು ಆರುನೂರು ದಾಟಿದ್ದರು. ಕರಡಕ್ಕ ಅದನ್ನು ವರದಿಯಲ್ಲಿ ಬರೆಯಲೇ ಇಲ್ಲ. ಎರಡು ಶುಕ್ರವಾರ 'ಇನ್ನೂ ನೋಡಬೇಕು' ಎಂದು ತಳ್ಳಿದಳು. ಇಪ್ಪತ್ತೊಂದು ವರ್ಷದಲ್ಲಿ ಒಂದು ಪುಟವನ್ನೂ ತಡೆಹಿಡಿಯದವಳಿಗೆ ತನ್ನ ಮೇಲೇ ನಾಚಿಕೆಯಾಯಿತು. ಆಟ ಕಟ್ಟಿದವನು ಕೇಳಿಯೇಬಿಟ್ಟ.

"ಅಕ್ಕಾ, ಈ ಕತ್ತರಿ ವಿಷಯ ಏನಾಯ್ತು? ಹೊರಗಡೆ ಎಲ್ಲಾ ಅದೇ ಮಾತಂತೆ."

"ಮುಂದಿನ ವಾರ ಕೊಡ್ತೀನಿ."

"ನಿಮಗೆ ಹುಷಾರಿದೆ ತಾನೇ?"

"ನನಗೇನಾಗಿದೆ? ಗುಂಡುಕಲ್ಲಿನ ಹಾಗಿದೀನಿ" ಎಂದು ಹೇಳಿ, ಗೋಡೆ ಹಿಡಿದುಕೊಂಡು ತನ್ನ ಕೋಣೆಗೆ ಬಂದಳು.

ಬುಧವಾರ ಬೆಳಗ್ಗೆ ಮೇಣದಹಲ್ಲಿನ ಎರಡನೆಯ ಅಭಿಪ್ರಾಯ ಬಂತು. ಈ ಸಲ ಉದ್ದವಾಗಿತ್ತು.

"ಅತಿಥಿ ೪೪೧೭ ಎಂಬುವರ ಜೊತೆ ನಲವತ್ತು ದಿನದಿಂದ ಆಡುತ್ತಿದ್ದೇನೆ. ಅವರು ಸೋತು ಹದಿನೈದು ದಿನವಾಯಿತು. ಮುಗಿಸೋಣವೇ ಎಂದು ಮೂರು ಸಲ ಕೇಳಿದೆ. ಬಿಡಲಿಲ್ಲ. ಇದು ಅವರ ಮೇಲಿನ ದೂರಲ್ಲ. ಕೆಲವರಿಗೆ ತಾವಾಗಿ ಬಿಡಲು ಬರುವುದಿಲ್ಲ, ಅದು ಅವರ ತಪ್ಪೂ ಅಲ್ಲ. ಅಂಥವರ ಕೈಯಿಂದ ಬೇರೆಯವರು ಬಿಡಿಸಬೇಕು. ನಮ್ಮ ಮನೆಯಲ್ಲಿ ಒಮ್ಮೆ ನಾನು ಆ ಕೆಲಸಕ್ಕೆ ಹೋಗಿ ಕೆಟ್ಟವನಾದೆ. ಬಿಡಿಸುವವನು ಮನುಷ್ಯನಾದರೆ ಆಮೇಲೆ ಅವನ ಮುಖ ನೋಡುವುದು ಕಷ್ಟ. ಆಟವೇ ಬಿಡಿಸಿದರೆ ಯಾರಿಗೂ ಯಾರ ಮೇಲೂ ಸಿಟ್ಟಿರುವುದಿಲ್ಲ. ಆದ್ದರಿಂದ ಆ ನಿಯಮ ತನ್ನಿ. ದಯವಿಟ್ಟು ಬೇಗ ತನ್ನಿ."

ಅಭ್ಯಾಸಬಲದಿಂದ ಅವಳು ಮೊದಲು ಕಾಗುಣಿತ ನೋಡಿದಳು. ಒಂದೂ ತಪ್ಪಿರಲಿಲ್ಲ. ಬರೆದು, ಓದಿ, ತಿದ್ದಿ ಕಳಿಸಿದ್ದ. ಆಮೇಲೆ ಎರಡನೆಯ ಸಲ ಓದಿದಳು. ಪಕ್ಕದ ಕೋಣೆಯಲ್ಲಿ ಯಾರೋ ನಗುತ್ತಿದ್ದರು, ನೀರಿನ ಕ್ಯಾನು ಗುಳುಗುಳು ಎಂದಿತು. ಅವಳಿಗೆ ಅಳು ಬರಲಿಲ್ಲ. ಮೈಯೆಲ್ಲ ಭಾರವಾಗಿ, ಕುರ್ಚಿಯಿಂದ ಏಳಲಾಗದೆ ಬಹಳ ಹೊತ್ತು ಕೂತಿದ್ದಳು.

ಮಧ್ಯಾಹ್ನದೊಳಗೆ ವರದಿ ಬರೆದಳು. ಆರುನೂರ ಹನ್ನೆರಡು ಜನ ಕತ್ತರಿ ಕೇಳಿದ್ದಾರೆ, ಎಂಬತ್ತು ಜನ ಬೇಡ ಎಂದಿದ್ದಾರೆ, ಕೇಳಿದವರ ಮಾತಿನಲ್ಲಿ ಹುರುಳಿದೆ. ಕೊನೆಯಲ್ಲಿ, ಈ ವರದಿ ಎರಡು ವಾರ ತಡವಾದದ್ದು ತನ್ನ ಸ್ವಂತ ಕಾರಣಕ್ಕೆ ಎಂದೂ ಒಂದು ಸಾಲು ಸೇರಿಸಿದಳು. ಅದನ್ನು ಕಟ್ಟಿದವನ ಮೇಜಿನ ಮೇಲಿಟ್ಟು ಚೀಲ ಹೆಗಲಿಗೇರಿಸಿ ಹೊರಟಳು.

ಅಣ್ಣನ ಕೆಲಸದ ಕೋಣೆ ಎರಡು ಬಸ್ಸು ದೂರ, ಒಂದು ದಂತಚಿಕಿತ್ಸಾಲಯದ ಹಿಂಬದಿಯಲ್ಲಿ. ಬಾಗಿಲು ತೆರೆದೇ ಇತ್ತು. ಗೋಡೆಯುದ್ದಕ್ಕೂ ಹಲಗೆಗಳು, ಅವುಗಳ ಮೇಲೆ ಸಾಲಾಗಿ ಬಿಳಿ ದವಡೆಗಳು, ಪ್ರತಿಯೊಂದರ ಕೆಳಗೂ ಚೀಟಿ. ಅಣ್ಣ ಉರಿಯುವ ಪುಟ್ಟ ದೀಪಕ್ಕೆ ಚಾಕು ಹಿಡಿದು ಮೇಣ ಕರಗಿಸುತ್ತಿದ್ದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಪ್ಲಾಸ್ಟರಿನ ಪುಡಿಯೋ ಎಂದುಕೊಂಡಳು, ಅಲ್ಲ.

ಅವನು ತಲೆಯೆತ್ತಿ ನೋಡಿದ. ಚಾಕು ಕೆಳಗಿಡಲಿಲ್ಲ.

"ಯಾರಿಗಾದ್ರೂ ಏನಾದ್ರೂ ಆಯ್ತಾ?"

"ಇಲ್ಲ. ಸುಮ್ನೆ ಬಂದೆ."

"ಮೂರು ವರ್ಷ ಆದ್ಮೇಲೆ ಸುಮ್ನೆ ಬಂದೆಯಾ?"

ಅವಳು ಸ್ಟೂಲು ಎಳೆದುಕೊಂಡು ಕೂತಳು. ಬರುವಾಗ ಬಸ್ಸಿನಲ್ಲಿ ಏನೇನೋ ಜೋಡಿಸಿಕೊಂಡಿದ್ದಳು. ಒಂದೂ ನೆನಪಿಗೆ ಬರಲಿಲ್ಲ.

"ನಾಲ್ಕು ನಾಲ್ಕು ಒಂದು ಏಳು ನಾನೇ ಕಣೋ ಅಣ್ಣ."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಮುಖ ಕೆಂಪಾಯಿತು. "ಅಂದ್ರೆ, ನಾನು ಬರ್ದಿದ್ದೂ..."

"ಓದಿದೆ. ಆ ಆಟದ ಕಂಪನೀಲೇ ನನ್ನ ಕೆಲಸ."

"ಕದ್ದು ಓದ್ತೀಯಾ?"

"ಕದ್ದು ಅಲ್ಲ. ಸಂಬಳಕ್ಕೆ ಓದ್ತೀನಿ."

"ತಮಾಷೆ ಮಾಡ್ಬೇಡ!" ಅವನು ಚಾಕುವನ್ನು ಮೇಜಿನ ಮೇಲೆ ಕುಕ್ಕಿದ. "ಯಾರೋ ಗೊತ್ತಿಲ್ದೋರು ಓದ್ತಾರೆ ಅಂತ ಬರ್ದೆ ನಾನು. ಹೆಂಡ್ತಿಗೂ ಹೇಳಿರ್ಲಿಲ್ಲ ಅದನ್ನ. ನಲವತ್ತು ದಿನ ನನ್ನ ಎದುರಿಗೆ ಕೂತು ಆಟ ಆಡ್ಸಿದೀಯಲ್ಲ, ಒಂದ್ಸಲ ಹೇಳ್ಬೇಕು ಅನ್ನಿಸ್ಲಿಲ್ವಾ?"

"ಹೇಳಿದ್ರೆ ನೀನು ನಿಲ್ಲಿಸ್ತಿದ್ದೆ."

"ನಿಲ್ಲಿಸ್ತಿದ್ದೆ. ಹೌದು."

ಹೊರಗೆ ಯಾರೋ ಬೈಕನ್ನು ಒದ್ದು ಒದ್ದು ಸ್ಟಾರ್ಟ್ ಮಾಡಲು ಹೆಣಗುತ್ತಿದ್ದರು. ಅಣ್ಣ ದೀಪ ಆರಿಸಿದ. ಅವನ ಸಿಟ್ಟು ಯಾವಾಗಲೂ ಹೀಗೆಯೇ; ಹಾಲುಕ್ಕಿದಂತೆ ಉಕ್ಕಿ, ಅಷ್ಟೇ ಬೇಗ ಇಳಿದು ಬಿಡುತ್ತಿತ್ತು. ಅಮ್ಮನ ವಿಷಯದಲ್ಲಿ ಮಾತ್ರ ಇಳಿದಿರಲಿಲ್ಲ.

"ಅವತ್ತು ಲಿಫ್ಟ್ ಹತ್ರ," ಕರಡಕ್ಕ ಶುರುಮಾಡಿದಳು. "ಅವತ್ತು ನನಗೂ ದಣಿವಾಗಿತ್ತು. ನಿನಗಿಂತ ಜಾಸ್ತಿ. ನಾಲ್ಕು ತಿಂಗಳು ಆ ಕುರ್ಚಿ ಮೇಲೆ ಮಲಗಿದ್ದೆನಲ್ಲೋ. ಮುಗಿದ್ರೆ ಸಾಕು ಅಂತ ಬೆಳಗ್ಗೆ ತಾನೇ ಅನ್ನಿಸಿತ್ತು. ಅದನ್ನೇ ನೀನು ಬಾಯ್ಬಿಟ್ಟು ಹೇಳಿದೆ. ನನ್ನ ಮನಸ್ಸಿನಲ್ಲಿರೋದನ್ನ ನೀನು ನೋಡ್ಬಿಟ್ಟೆ ಅಂತ... ಅದಕ್ಕೆ ಹಾಗಂದೆ."

ಅಣ್ಣ ಕೈಬೆರಳಿಗೆ ಅಂಟಿದ್ದ ಮೇಣವನ್ನು ಉಗುರಿನಲ್ಲಿ ಕೆರೆಯುತ್ತಿದ್ದ.

"ನಾನು ಹೇಳಿದ್ದೇ ಸರಿ ಅಂತ ನಾನೂ ಅನ್ನಲ್ಲ" ಎಂದ. "ಮನೆಗೆ ಕರ್ಕೊಂಡು ಬಂದಿದ್ರೆ ಏನಾಗ್ತಿತ್ತೋ. ಉಸಿರು ಕಟ್ಟಿ ಒದ್ದಾಡಿದ್ರೆ ನಾನೇ ಓಡ್ಕೊಂಡು ಆಂಬುಲೆನ್ಸ್ ಕರೀತಿದ್ದೆ. ಅಷ್ಟು ಧೈರ್ಯ ನನಗೆಲ್ಲಿದೆ?"

"ಮತ್ತೆ ಯಾಕೆ ಇಷ್ಟು ದಿನ..."

"ನೀನಂದ ಮಾತು. ಕೆಲ್ಸ ಮಾಡ್ತಿದ್ರೂ ಅದೇ, ಊಟಕ್ಕೆ ಕೂತ್ರೂ ಅದೇ. ನಿಜವಾಗ್ಲೂ ನನ್ನ ದಣಿವಿಗೆ ಹಾಗಂದೆನಾ, ಅಮ್ಮನಿಗೋಸ್ಕರ ಅಂದೆನಾ? ನನಗೇ ಗೊತ್ತಿಲ್ಲ ಕಣೇ. ಇವತ್ತಿಗೂ ಗೊತ್ತಿಲ್ಲ."

ಅವಳಿಗೂ ಗೊತ್ತಿರಲಿಲ್ಲ. ಗೊತ್ತು ಎಂದು ಸಮಾಧಾನ ಹೇಳಬಹುದಿತ್ತು, ಹೇಳಲಿಲ್ಲ. ಅಣ್ಣ ಫ್ಲಾಸ್ಕಿನಿಂದ ಟೀ ಬಗ್ಗಿಸಿಕೊಟ್ಟ. ತಣ್ಣಗಾಗಿತ್ತು. ಇಬ್ಬರೂ ಕುಡಿದರು.

"ಈಗಲಾದ್ರೂ ಸೋತೆ ಅಂತ ಒತ್ತು" ಎಂದ ಅವನು, ಫೋನಿನ ಕಡೆ ಗಲ್ಲ ತೋರಿಸಿ.

"ಒತ್ತಲ್ಲ. ಇನ್ನೂ ಒಂದು ದೋಣಿ ಇದೆ ನನ್ನ ಹತ್ರ."

"ತೂತು ಬಿದ್ದ ದೋಣಿ."

"ನೋಡೋಣ."

ಅವನ ಮುಖದಲ್ಲಿ ನಗು ಮೂಡಿದ್ದು ಹೌದೋ ಅಲ್ಲವೋ ಹೇಳುವುದು ಕಷ್ಟ. "ನನಗೆ ನಾಲ್ಕು ಗಂಟೆಗೆ ಒಂದು ಮೇಲ್ದವಡೆ ಕೊಡ್ಬೇಕು" ಎಂದು ಮತ್ತೆ ದೀಪ ಹಚ್ಚಿದ. ಅವಳು ಎದ್ದಳು. ಬಾಗಿಲ ಬಳಿ ಹೋದಾಗ ಹಿಂದಿನಿಂದ ಕೂಗಿ ಹೇಳಿದ, "ಭಾನುವಾರ ಮನೆಗೆ ಬಾ. ನಿಮ್ಮತ್ತಿಗೆ ಕೇಳ್ತಿರ್ತಾಳೆ." ಅವಳು, "ನೋಡ್ತೀನಿ" ಎಂದಳು.

ಗುರುವಾರ ಆಟ ಕಟ್ಟಿದವನು ವರದಿ ಹಿಡಿದು ಬಂದ. ತಡವಾದ ಕಾರಣವೇನೆಂದು ಕೇಳಲಿಲ್ಲ. "ಕತ್ತರಿ ಹಾಕೋಣ ಅಕ್ಕಾ" ಎಂದ. ಶನಿವಾರ ಬೆಳಗ್ಗೆ ನಿಯಮ ಜಾರಿಗೆ ಬಂತು. ನಡೆಯುತ್ತಿದ್ದ ಆಟಗಳಲ್ಲಿ ಮುನ್ನೂರಕ್ಕೂ ಹೆಚ್ಚು ಒಂದೇ ಗಳಿಗೆಯಲ್ಲಿ ಮುಗಿದವು. ಅತಿಥಿಯ ಪರದೆಯ ಮೇಲೂ 'ಆಟ ಮುಗಿದಿದೆ' ಎಂದು ಬಂತು. ಕರಡಕ್ಕ ಅದನ್ನು ನೋಡುತ್ತ ಕೂತಳು. ದೂರದಿಂದ ಹೊತ್ತು ತಂದ ಚೀಲವನ್ನು ಯಾರೋ ದಾರಿಯಲ್ಲಿ ಕೈಯಿಂದ ಇಸಿದುಕೊಂಡಂತಾಯಿತು. ಭುಜದ ನೋವು ಆಗಲೇ ತಿಳಿದದ್ದು. ಮಧ್ಯಾಹ್ನದ ಹೊತ್ತಿಗೆ ಕತ್ತರಿ ಬೇಡವೇ ಬೇಡವೆಂದು ನೂರ ನಲವತ್ತು ಅಭಿಪ್ರಾಯಗಳು ಬಂದು ಬಿದ್ದವು. ಅವುಗಳಲ್ಲಿ ಎಷ್ಟೋ ಹೆಸರು, ಹಿಂದಿನ ವಾರ ಕತ್ತರಿ ಬೇಕೆಂದು ಬರೆದವರದೇ.

ಭಾನುವಾರ ಹನ್ನೊಂದಕ್ಕೆ ಅಣ್ಣನ ಮನೆಗೆ ಹೋದಳು. ಅತ್ತಿಗೆ ಬಾಗಿಲು ತೆಗೆದು, ಎರಡು ಕೈಯಲ್ಲೂ ಅವಳ ಮುಖ ಹಿಡಿದು, "ಏನೇ ಇದು, ಇಷ್ಟು ಸೊರಗಿದೀಯ!" ಎಂದಳು. ಊಟವಾಯಿತು. ಅಮ್ಮನ ಮಾತು ಯಾರೂ ಎತ್ತಲಿಲ್ಲ. ಅಣ್ಣ ಟಿವಿಯ ಮುಂದೆ ಕೂತ, ಅತ್ತಿಗೆ ಪಾತ್ರೆ ತೊಳೆಯಲು ಹೋದಳು. ತಾನೂ ಒರೆಸಿಕೊಡಲು ಏಳಬೇಕು, ಏಳಬೇಕು ಎಂದುಕೊಳ್ಳುತ್ತ ಕರಡಕ್ಕ ಸೋಫಾದ ಕೈಗೆ ತಲೆ ಆನಿಸಿದಳು.

ಕಣ್ಣು ಬಿಟ್ಟಾಗ ಕಿಟಕಿಯ ಬಿಸಿಲು ಗೋಡೆಯ ಆ ತುದಿಗೆ ಸರಿದಿತ್ತು. ಮೈಮೇಲೆ ಯಾರೋ ಹೊದಿಕೆ ಹೊದಿಸಿದ್ದರು. ಟಿವಿ ಓಡುತ್ತಿತ್ತು, ಸದ್ದು ಮಾತ್ರ ಇರಲಿಲ್ಲ. ಅಣ್ಣ ಅದೇ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದ.

"ಗಂಟೆ ಎಷ್ಟು?" ಎಂದಳು.

"ಐದೂವರೆ."

"ಅಯ್ಯೋ! ಎಬ್ಬಿಸ್ಬಾರದಿತ್ತಾ?"

"ಎಬ್ಬಿಸಿದ್ವಿ, ಎರಡು ಸಲ. ಹೂಂ ಅಂದು ಆ ಕಡೆ ತಿರುಗಿ ಮಲಗಿದೆ."

ಅವಳು ಎದ್ದು ಕೂರಲು ನೋಡಿದಳು. ಕಾಲು ಜೋಮು ಹಿಡಿದಿತ್ತು. ಅಡುಗೆಮನೆಯಿಂದ ಅತ್ತಿಗೆ, "ಇನ್ನೂ ಸ್ವಲ್ಪ ಮಲಗ್ಲಿ ಬಿಡ್ರೀ ಅವಳು" ಎಂದು ಕೂಗಿದಳು. ಕರಡಕ್ಕ ಹೊದಿಕೆಯನ್ನು ಕುತ್ತಿಗೆಯವರೆಗೆ ಎಳೆದುಕೊಂಡು ಮತ್ತೆ ಕಣ್ಣು ಮುಚ್ಚಿದಳು.